ಬಿದ್ದವನಿಗಾಗಿ ನಿಲ್ಲದ ಸ್ಕೂಟರು

ಪಾಂಡವಪುರದ ಬಳಿ ಕಬ್ಬು ಬೆಳೆಯುವ ನನ್ನ ಭಾಮೈದನು ಕಬ್ಬಿನ ಹಣ ಕೈಸೇರಿದ ವಾರದಲ್ಲೇ ಗೋವೆಗೆ ಹೋಗಿ, ಗೋಡಂಬಿ ತರುವ ಬದಲು ಒಂದು ಹಳೆಯ ಜೆಟ್ ಸ್ಕೀಯನ್ನು ಮಿನಿ ಲಾರಿಯಲ್ಲಿ ಹೇರಿಕೊಂಡು ಬಂದನು. ಆಲೆಮನೆಯ ಪಕ್ಕದಲ್ಲಿ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ ನಿಂತ ಅದಕ್ಕೆ ಊರಿನವರು ಅಂದೇ ‘ನೀರಿನ ಸ್ಕೂಟರು’ ಎಂದು ನಾಮಕರಣ ಮಾಡಿದರು. ಕೆರೆಯ ಮೀನಿನ ಗುತ್ತಿಗೆ ಹಿಡಿದವರನ್ನು ಒಪ್ಪಿಸಿದ್ದಾಯಿತು. ಮನೆಯ ಹಿರಿಯ ಅಳಿಯನೆಂಬ ಗೌರವದಿಂದ, ಹೊಸ ಟ್ರ್ಯಾಕ್ಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವಂತೆ, ಮೊದಲ ಸವಾರಿಗೆ ನನ್ನನ್ನು ಇಟ್ಟರು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಈ ವಾಹನದ ತತ್ತ್ವ ತಿಳಿಯದ್ದೇನಲ್ಲ. ಅಡಿಯಿಂದ ನೀರನ್ನು ಹೀರಿ, ಹಿಂದಿನ ಮೂತಿಯಿಂದ ರಭಸವಾಗಿ ಚಿಮ್ಮಿಸಿ, ಆ ತಳ್ಳುವಿಕೆಯಿಂದಲೇ ಅದು ಮುಂದೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಮೂತಿ ತಿರುಗುತ್ತದೆ. ಆದರೆ ನೀರು ಚಿಮ್ಮದಿದ್ದರೆ ಮೂತಿ ಯಾವ ಕಡೆಗೆ ತಿರುಗಿದ್ದರೂ ಒಂದೇ ಎಂಬುದು, ಎದುರಿಗೆ ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರನ್ನು ಕಂಡು ನಾನು ಗಾಬರಿಯಿಂದ ಆಕ್ಸಲರೇಟರು ಬಿಟ್ಟ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿತು, ಸ್ಕೂಟರು ನೆಟ್ಟಗೆ ಹೋಯಿತು. ಬ್ರೇಕಂತೂ ಅದಕ್ಕೆ ಇಲ್ಲವೇ ಇಲ್ಲ. ಕೊನೆಯ ಗಳಿಗೆಯಲ್ಲಿ ಮತ್ತೆ ಆಕ್ಸಲರೇಟರು ಒತ್ತಿದಾಗ ಅದು ಥಟ್ಟನೆ ತಿರುಗಿತು. ನಾನು ಮಾತ್ರ ತಿರುಗದೆ ನೇರವಾಗಿ ಕೆರೆಗೆ ಹೋದೆ.

ತಲೆಯೆತ್ತಿ ನೋಡಿದರೆ ಸ್ಕೂಟರು ತನ್ನ ಪಾಡಿಗೆ ಓಡುತ್ತಿತ್ತು. ತುಕ್ಕು ಹಿಡಿದ ಕೇಬಲ್ಲಿನಿಂದಾಗಿ ಆಕ್ಸಲರೇಟರು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ನನ್ನ ಸುತ್ತ ದೇವರ ಪ್ರದಕ್ಷಿಣೆಯಂತೆ ಒಂದೂವರೆ ಸುತ್ತು ಬಂದು, ಮನಸ್ಸು ಬದಲಾಯಿಸಿ, ದಡದ ಜೊಂಡಿನೊಳಗೆ ನುಗ್ಗಿ, ಅಡಿಯ ಜಾಲರಿಗೆ ಜೊಂಡು ಸಿಕ್ಕಿದ ಮೇಲೆಯೇ ಅದು ಉಸಿರು ನಿಲ್ಲಿಸಿತು. ತೆಪ್ಪದ ಹಿರಿಯರು ನನ್ನನ್ನು ಹತ್ತಿಸಿಕೊಳ್ಳುತ್ತಾ, “ಏನ್ ಸ್ವಾಮಿ, ಗಾಡಿ ನಿಮ್ಮನ್ನ ಇಳಿಸಿ ಹೊಂಟೋಯ್ತಲ್ಲ” ಎಂದರು.

ಭಾಮೈದನು ಒಂದು ಪರಿಹಾರ ಸೂಚಿಸಿದನು: ನನ್ನ ಸೊಂಟಕ್ಕೂ ಸ್ಕೂಟರಿಗೂ ಒಂದು ಹಗ್ಗ ಕಟ್ಟುವುದು. ನಾನು ಅದನ್ನು ಒಪ್ಪಿದೆನೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ತಡೆದವರು ಮೈಸೂರಿನ ನಮ್ಮ ಬಡಾವಣೆಯ ಮೇಸ್ತ್ರಿ. ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಅದು ಮುಚ್ಚುವವರೆಗೂ, ದುಡಿದವರು. “ಹಗ್ಗ ಕಟ್ಟೋದು ಎಮ್ಮೆಗೆ ಮೇಷ್ಟ್ರೇ. ಅದಾದರೆ ಮೇವು ಕಂಡ್ರೆ ನಿಲ್ತದೆ. ಇದು ನಿಮ್ಮನ್ನ ಕೆರೆಯೆಲ್ಲಾ ಎಳ್ಕೊಂಡು ಓಡ್ತದೆ, ಹಗ್ಗ ಅಡಿಗೆ ಹೋಗಿ ಪಂಪಿಗೆ ಸುತ್ಕೊಂಡ್ರೆ ಇನ್ನೂ ಚೆಂದ” ಎಂದರು. ಪಂಚೆ ಉಟ್ಟು ಇದರ ಹತ್ತಿರ ಹೋಗಬಾರದೆಂಬ ಎಚ್ಚರಿಕೆಯೂ ಅದೇ ಕಾರಣಕ್ಕೆ ಬಂತು.

ಟೂ ಸ್ಟ್ರೋಕ್ ಎಂಜಿನ್ನನ್ನು ಕಂಡದ್ದೇ ತಡ, ಮೇಸ್ತ್ರಿಯವರ ಮುಖ ಹಳೆಯ ನೆಂಟರನ್ನು ಕಂಡಂತೆ ಅರಳಿತು. ಹ್ಯಾಂಡಲಿನ ಬುಡದಲ್ಲಿ ಕತ್ತರಿಸಿ ಟೇಪು ಸುತ್ತಿದ್ದ ಎರಡು ತಂತಿಗಳನ್ನು ಅವರು ಹೊರಗೆಳೆದರು. 1973ರಲ್ಲಿ ಬಂದ ಮೊದಮೊದಲ ಜೆಟ್ ಸ್ಕೀಗಳಲ್ಲಿ, ಸವಾರ ಬಿದ್ದರೆ ವಾಹನವು ನಿಧಾನವಾಗಿ ಸುತ್ತುತ್ತಾ ಅವನ ಬಳಿಗೇ ಬರಲಿ ಎಂಬ ಏರ್ಪಾಡಿತ್ತು. ಆಮೇಲೆ ಬಂದದ್ದು ದಾರದ ಸ್ವಿಚ್ಚು. ದಾರದ ಒಂದು ತುದಿ ಸವಾರನ ಮೈಗೆ, ಇನ್ನೊಂದು ತುದಿಯ ಕ್ಲಿಪ್ಪು ಸ್ವಿಚ್ಚಿಗೆ. ಬಿದ್ದರೆ ಕ್ಲಿಪ್ಪು ಕಿತ್ತುಬಂದು ಎಂಜಿನ್ನು ನಿಲ್ಲುತ್ತದೆ. ನಮ್ಮ ಸ್ಕೂಟರಿನ ಹಿಂದಿನ ಮಾಲೀಕನು ಕ್ಲಿಪ್ಪು ಕಳೆದುಕೊಂಡು, ಸ್ವಿಚ್ಚನ್ನೇ ಕಿತ್ತೆಸೆದಿದ್ದನು.

“ನಮ್ಮ ಟ್ರೆಡ್‌ಮಿಲ್ಲಿನಲ್ಲೂ ಅಂಥದ್ದೇ ಇದೆಯಲ್ಲ” ಎಂದಳು ನನ್ನ ಹೆಂಡತಿ. ಬಟ್ಟೆ ಒಣಗಿಸಲು ಬಹಳ ಅನುಕೂಲವಾಗಿರುವ ಆ ಯಂತ್ರಕ್ಕೂ ಒಂದು ಕೆಂಪು ದಾರವಿದ್ದದ್ದು ನಿಜ. ಆದರೆ ಅದರ ತುದಿಯಲ್ಲಿರುವುದು ಅಯಸ್ಕಾಂತ, ಇಲ್ಲಿಗೆ ನಡೆಯದು. ಹೊಸ ಸ್ವಿಚ್ಚು ತರಿಸಿದೆವು.

ಅದನ್ನು ಜೋಡಿಸುವಾಗ ಮೇಸ್ತ್ರಿಯು ಮೇಷ್ಟ್ರಿಗೆ ಪಾಠ ಮಾಡಿದರು. ಮನೆಯಲ್ಲಿ ತಂತಿಗಳು ಕೂಡಿದರೆ ದೀಪ ಹತ್ತುತ್ತದೆ. ಈ ಸ್ಕೂಟರಿನಲ್ಲಿ ನಿಲ್ಲಿಸುವ ಗುಂಡಿಯ ತಂತಿಗಳು ಕೂಡಿದರೆ ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅರ್ಥ್ ಆಗಿ ಎಂಜಿನ್ನು ಆರುತ್ತದೆ. ಹಾಗಾಗಿ ದಾರದ ಸ್ವಿಚ್ಚನ್ನು ಆ ಗುಂಡಿಗೆ ಸಮಾಂತರವಾಗಿ ಕೂಡಿಸಬೇಕು: ಕ್ಲಿಪ್ಪು ಇದ್ದಾಗ ತಂತಿಗಳು ದೂರ, ಕಿತ್ತಾಗ ಒಂದು. ಇದರಲ್ಲೊಂದು ಮೋಸವೂ ಇದೆ. ತಂತಿ ಎಲ್ಲಾದರೂ ತುಂಡಾಗಿದ್ದರೆ ಎಂಜಿನ್ನು ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಕ್ಲಿಪ್ಪು ಕಿತ್ತರೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಸಲವೂ ದಡದಲ್ಲೇ ಒಮ್ಮೆ ಕಿತ್ತು ನೋಡಬೇಕು. ಕೇಬಲ್ಲನ್ನೂ ಹೊಸದಾಗಿ ಹಾಕಿದರು. ಕೆರೆಯ ನೀರೇ ಅದರ ಎಂಜಿನ್ನನ್ನು ತಂಪಾಗಿಡುವುದರಿಂದ ಅಂಗಳದಲ್ಲಿ ಕೆಲವೇ ಸೆಕೆಂಡು ಓಡಿಸಿದೆವು. ಪಕ್ಕದ ಮನೆಯವರು ಹೊಗೆ ಕಂಡು ಸೊಳ್ಳೆಗೆ ಮದ್ದು ಹೊಡೆಯುವವರು ಬಂದರೆಂದು ಕಿಟಕಿ ಮುಚ್ಚಿಕೊಂಡರು.

ಮುಂದಿನ ಶನಿವಾರ ನಾನು ಲೈಫ್ ಜಾಕೆಟ್ಟಿಗೆ ಕ್ಲಿಪ್ಪಿನ ದಾರ ಸಿಕ್ಕಿಸಿಕೊಂಡು, ಬುದ್ಧಿಪೂರ್ವಕವಾಗಿ, ತೆಪ್ಪದ ಹಿರಿಯರ ಸಾಕ್ಷಿಯಲ್ಲಿ ಕೆರೆಗೆ ಬಿದ್ದೆ. ಸ್ಕೂಟರು ಒಂದು ಸಲ ಗೊರಗುಟ್ಟಿ ಸುಮ್ಮನಾಯಿತು. ನಾಲ್ಕು ಮಾರು ಈಜಿ, ಹಿಂಬದಿಯಿಂದ ಹತ್ತಿ, ಮೂರನೆಯ ಪ್ರಯತ್ನದಲ್ಲಿ ಕುಳಿತೆ. ಅಂದು ಸಂಜೆ ಮೈಸೂರಿಗೆ ಮರಳಿ, ಒದ್ದೆ ಜಾಕೆಟ್ಟನ್ನು ಟ್ರೆಡ್‌ಮಿಲ್ಲಿನ ಮೇಲೆ ಒಣಹಾಕಿ ನೆಮ್ಮದಿಯಿಂದ ಮಲಗಿದೆ.

ಭಾನುವಾರ ಬೆಳಗ್ಗೆ ಭಾಮೈದನ ಫೋನು ಬಂತು. “ಭಾವ, ನಮ್ಮ ಮಾವನ ಮನೆಯವರೆಲ್ಲಾ ಕೆರೆ ಹತ್ರ ಬಂದವ್ರೆ. ಗಾಡಿ ಸ್ಟಾರ್ಟೇ ಆಗ್ತಿಲ್ಲ.” ಜೊತೆಯಲ್ಲಿದ್ದ ಮೇಸ್ತ್ರಿಯವರಿಗೆ ವಿಷಯ ತಿಳಿಸಿದೆ. “ಹಂಗಾದ್ರೆ ಸ್ವಿಚ್ಚು ಸರಿಯಾಗಿದೆ” ಎಂದು ಅವರು ಕಾಫಿ ಕುಡಿದರು. ನಾನು ಒಳಗೆ ಓಡಿ, ಟ್ರೆಡ್‌ಮಿಲ್ಲಿನ ಮೇಲೆ ನೇತಾಡುತ್ತಿದ್ದ ಕೆಂಪು ದಾರವನ್ನು ಜಾಕೆಟ್ಟಿನ ಅಡಿಯಿಂದ ಎಳೆದು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದೆ. ಶ್ರೀರಂಗಪಟ್ಟಣ ದಾಟುವಾಗ ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದರೆ, ಎರಡು ರೂಪಾಯಿಯ ನಾಣ್ಯವೊಂದು ದಾರದ ತುದಿಗೆ ಅಂಟಿಕೊಂಡೇ ಹೊರಗೆ ಬಂತು.