14ನೇ ಲೂಯಿಯ ಚಿತ್ರವನ್ನು ಕಾಲಿನಿಂದ ನೋಡಿ

ಫ್ರಾನ್ಸಿನ 14ನೇ ಲೂಯಿಯ ಆ ಪ್ರಸಿದ್ಧ ಚಿತ್ರವನ್ನು ಪಟ್ಟಾಭಿಷೇಕದ ಚಿತ್ರ ಅನ್ನುವುದನ್ನು ದಯವಿಟ್ಟು ಬಿಡೋಣ. ಪಟ್ಟಾಭಿಷೇಕ ನಡೆದದ್ದು 1654ರಲ್ಲಿ, ಅವನಿಗೆ ಹದಿನೈದು ವರ್ಷವಿದ್ದಾಗ. ಚಿತ್ರಕಾರ ಇಯಾಸಾಂತ್ ರಿಗೊ ಇದನ್ನು ಬರೆದದ್ದು 1701ರಲ್ಲಿ, ರಾಜನಿಗೆ ಅರವತ್ತು ದಾಟಿದ ಮೇಲೆ. ಸ್ಪೇನಿನ ಸಿಂಹಾಸನವೇರಿದ್ದ ಮೊಮ್ಮಗ ಫಿಲಿಪ್‌ಗೆ ಕಳಿಸಬೇಕೆಂದು ಬರೆಸಿದ್ದು. ತುಂಬಾ ಹಿಡಿಸಿದ್ದರಿಂದ ರಾಜ ತಾನೇ ಇಟ್ಟುಕೊಂಡ. ಮೂಲ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ, ವರ್ಸಾಯ್ ಅರಮನೆಯಲ್ಲಿರುವುದು ಪ್ರತಿ.

ಕಿರೀಟ ಎಲ್ಲಿದೆ ನೋಡಿ. ತಲೆಯ ಮೇಲಲ್ಲ, ಎಡಬದಿಯ ನೆರಳಿನಲ್ಲಿ, ದಿಂಬಿನ ಮೇಲೆ. ರಾಜದಂಡವನ್ನು ತಲೆಕೆಳಗಾಗಿ, ಊರುಗೋಲಿನಂತೆ ಊರಿದ್ದಾನೆ. ಸೊಂಟದಲ್ಲಿರುವುದು ಮಧ್ಯಯುಗದ ಚಕ್ರವರ್ತಿ ಶಾರ್ಲ್‌ಮೇನ್‌ನದೆಂದು ಪೂಜ್ಯವಾದ ಪಟ್ಟಾಭಿಷೇಕದ ಕತ್ತಿ. ಎಲ್ಲವೂ ಪವಿತ್ರ ವಸ್ತುಗಳೇ, ಅವನು ಹಿಡಿದಿರುವ ರೀತಿ ಮಾತ್ರ ದಿನಬಳಕೆಯದು. ನನ್ನ ಮಟ್ಟಿಗೆ ಚಿತ್ರದ ಜೀವಾಳ ಇದೇ: ಅಧಿಕಾರ ಈ ವಸ್ತುಗಳಿಂದ ತನಗೆ ಬಂದದ್ದಲ್ಲ, ತನ್ನಿಂದಲೇ ಇವುಗಳಿಗೆ ಬೆಲೆ ಎಂಬ ನಿಲುವು.

ನಿಲುವಂಗಿಯ ಹೊರಮೈ ನೀಲಿ ಮಖಮಲ್ಲು, ಮೇಲೆ ಫ್ರೆಂಚ್ ರಾಜಮನೆತನದ ಲಾಂಛನವಾದ ಚಿನ್ನದ ಲಿಲ್ಲಿ ಹೂಗಳು. ಬಿಳಿ ತುಪ್ಪಳ ಒಳಮೈಯದು, ಚುಕ್ಕೆಗಳು ಎರ್ಮಿನ್ ಪ್ರಾಣಿಯ ಬಾಲದ ಕಪ್ಪು ತುದಿಗಳು. ಆ ತುಪ್ಪಳ ಕಾಣಲೆಂದೇ ಅಂಗಿಯನ್ನು ಮಗುಚಿ ಹೆಗಲ ಮೇಲೆ ಎಸೆದಿದ್ದಾನೆ. ಕತ್ತಿ ಮತ್ತು ಕಾಲುಗಳು ಬಯಲಾಗುವುದೂ ಅದರಿಂದಲೇ. ಕಳಪೆ ಮುದ್ರಣದಲ್ಲಿ ನೀಲಿ ಕಪ್ಪಾಗಿ ಲಿಲ್ಲಿಗಳು ಮುಳುಗಿಹೋಗುತ್ತವೆ, ಆಗ ಇದು ಬರೀ ದುಬಾರಿ ಕಂಬಳಿ.

ಇನ್ನು ಕಾಲು. ಪಾದಗಳು ಹೊರಕ್ಕೆ ತಿರುಗಿವೆ, ಒಂದು ಮುಂದೆ: ನರ್ತಕನ ನಿಲುವು. 1653ರಲ್ಲಿ ಹದಿನಾಲ್ಕು ವರ್ಷದ ಲೂಯಿ ಆಸ್ಥಾನದ ಬ್ಯಾಲೆಯಲ್ಲಿ ಸೂರ್ಯನಾಗಿ ಕುಣಿದಿದ್ದ. ಪಾದರಕ್ಷೆಯ ಕೆಂಪು ಹಿಮ್ಮಡಿ ಹೆಣ್ಣುಡುಗೆಯ ಗುರುತಲ್ಲ, ಆಸ್ಥಾನದ ಶ್ರೀಮಂತ ಗಂಡಸರ ಗುರುತು.

ಮುಖವನ್ನು ರಿಗೊ ರಾಜನನ್ನು ಎದುರಿಗೆ ಕೂರಿಸಿಕೊಂಡು ಸಣ್ಣ ಕ್ಯಾನ್ವಾಸಿನಲ್ಲಿ ಬರೆದು, ಆಮೇಲೆ ದೊಡ್ಡದರೊಳಗೆ ಕೂಡಿಸಿದ. ಅಲ್ಲಿ ಮುಲಾಜಿಲ್ಲ. ಹಲ್ಲು ಕಳೆದುಕೊಂಡ ಬಾಯಿ ಒಳಕ್ಕೆ ಹೋಗಿದೆ, ಕೆನ್ನೆ ಇಳಿದಿದೆ. ಮುದುಕನ ಮುಖ, ಯುವಕನ ಕಾಲು. ಇದನ್ನು ಬರೀ ಮುಖಸ್ತುತಿ ಅನ್ನುವವರ ಜೊತೆ ನಾನು ಒಪ್ಪದಿರುವುದು ಇದಕ್ಕೇ. ಸಾಯುವ ದೇಹ, ಸಾಯದ ರಾಜತ್ವ, ಎರಡೂ ಒಂದೇ ಮೈಯಲ್ಲಿವೆ.

ಚಿತ್ರದ ಎತ್ತರ 277 ಸೆಂಟಿಮೀಟರ್, ಅಂದರೆ ಒಂಬತ್ತು ಅಡಿ, ಅಗಲ 194. ಎದುರು ನಿಂತವರ ಕಣ್ಣಿಗೆ ಮೊದಲು ಸಿಗುವುದು ಆ ಕಾಲುಗಳೇ, ಮುಖಕ್ಕೆ ಕತ್ತೆತ್ತಬೇಕು. ಪಠ್ಯಪುಸ್ತಕದಲ್ಲೋ ಫೋನಿನಲ್ಲೋ ಎದೆಯವರೆಗೆ ಕತ್ತರಿಸಿ ಹಾಕಿದರೆ ಉಳಿಯುವುದು ವಿಗ್ಗು ಧರಿಸಿದ ಒಬ್ಬ ಮುದುಕ ಮಾತ್ರ. ಹಾಕುವುದಿದ್ದರೆ ಪೂರ್ತಿ ಹಾಕಿ.