ಅಜ್ಜಿಯ ರಂಗೋಲಿ ಗೇಟಿನ ಒಳಗೆ ಹೋಗಿದೆ

ಜಯನಗರದ ನಮ್ಮ ಕ್ರಾಸಿನಲ್ಲಿ ಎದುರುಮನೆ ಅಜ್ಜಿ ಮೂವತ್ತು ವರ್ಷ ಬೀದಿಯಲ್ಲೇ ರಂಗೋಲಿ ಹಾಕಿದವರು. ಈಗ ಗೇಟಿನ ಒಳಗೆ ಹಾಕುತ್ತಾರೆ. ಹೋದ ತಿಂಗಳು ಚುಕ್ಕಿ ಇಡುತ್ತಿದ್ದಾಗ ಒಂದು ಬೈಕು ಸೆರಗಿಗೆ ತಗಲುವಷ್ಟು ಹತ್ತಿರ ಹಾದು ಹೋಯಿತು. ಡಬ್ಬ ಉರುಳಿ ಪುಡಿಯೆಲ್ಲ ರಸ್ತೆಪಾಲು. ಎತ್ತಿ ಕೊಟ್ಟಾಗ ಅವರ ಕೈ ಇನ್ನೂ ನಡುಗುತ್ತಿತ್ತು. "ಬಗ್ಗಿದ್ರೆ ಗಾಡಿ ಬರೋದು ಕಾಣಲ್ಲಪ್ಪ, ಏಳೋಕೂ ನಂಗೆ ಹೊತ್ತು ಬೇಕು" ಅಂದರು.

ಮೇನ್ ರೋಡಿನಲ್ಲಿ ಜಾಮ್ ಆದರೆ ಮೊಬೈಲ್ ಮ್ಯಾಪ್ ನಮ್ಮ ಕ್ರಾಸ್ ತೋರಿಸುತ್ತದೆ. ಎರಡು ನಿಮಿಷ ಉಳಿಸೋಕೆ ಒಳಗೆ ನುಗ್ಗಿದವರು ನಿಧಾನಕ್ಕೆ ಹೋಗಲ್ಲ, ಅಲ್ವಾ?

ಇಲ್ಲಿರುವುದೆಲ್ಲ ಥರ್ಟಿ ಫಾರ್ಟಿ ಸೈಟು. ಒಂದು ಮನೆಯ ಮುಂಭಾಗ 30 ಅಡಿ, ಅಂದರೆ ಸುಮಾರು 9 ಮೀಟರ್. ಚೆಂಡಿನ ಹಿಂದೆ ಮಗು ಓಡಿಬಂತು ಅಂದುಕೊಳ್ಳಿ. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ ಗಾಡಿ ಒಂದು ಮನೆಯನ್ನೂ ಪೂರ್ತಿ ದಾಟಿರಲ್ಲ. 50ರಲ್ಲಿದ್ದರೆ ಒಂದೂವರೆ ಮನೆ ದಾಟಿರುತ್ತದೆ, ಅದೂ ಬ್ರೇಕ್ ಹಿಡಿಯುವ ಮೊದಲೇ. ಗುದ್ದುವ ಶಕ್ತಿ ಹೆಚ್ಚುಕಮ್ಮಿ ಮೂರು ಪಟ್ಟು. 30ರ ಬದಲು 50ರಲ್ಲಿ ಹೋದರೆ ಉಳಿಯುವ ಸಮಯ ಎಷ್ಟು ಗೊತ್ತಾ? 200 ಮೀಟರ್ ಉದ್ದದ ಕ್ರಾಸಿನಲ್ಲಿ ಬರೀ ಹತ್ತು ಸೆಕೆಂಡ್.

ಹಾಗಂತ ಸಿಕ್ಕಸಿಕ್ಕಲ್ಲಿ ಹಂಪ್ ಹಾಕಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಹಂಪ್ ಅಂದರೆ ರಾತ್ರೋರಾತ್ರಿ ಸುರಿದ ಟಾರಿನ ಗುಡ್ಡೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಪಕ್ಕದ ಕ್ರಾಸಿನಲ್ಲಿ ಮಳೆಯ ಸಂಜೆ ಅಂಥದ್ದೇ ಒಂದು ಕಾಣದೆ ಸ್ಕೂಟರಿನಿಂದ ಬಿದ್ದ ಹುಡುಗಿಯ ಮೊಣಕೈಗೆ ನಮ್ಮ ಮನೆ ನಲ್ಲಿಯಲ್ಲೇ ನೀರು ಹಾಕಿದ್ದೆವು. ರಸ್ತೆಗಳ ಅಳತೆ, ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿಗೆ ಅಳತೆ ಕೊಟ್ಟಿದೆ. ಎತ್ತರ 10 ಸೆಂಟಿಮೀಟರ್, ಗಾಡಿ ಹತ್ತಿ ಇಳಿಯುವ ದಿಕ್ಕಿನಲ್ಲಿ 3.7 ಮೀಟರ್. ಅಂದರೆ ಹೆಚ್ಚುಕಮ್ಮಿ ಒಂದು ಸಣ್ಣ ಕಾರಿನ ಉದ್ದ. 25 ಕಿ.ಮೀ. ವೇಗದಲ್ಲಿ ದಾಟಲಿ ಅಂತಲೇ ಮಾಡಿದ ಅಳತೆ ಅದು. ಹಂಪಿಗೆ 40 ಮೀಟರ್ ಮುಂಚೆ ಬೋರ್ಡ್ ಇರಬೇಕು, ಮೈಮೇಲೆ ಕಪ್ಪು ಬಿಳಿ ಪಟ್ಟೆ ಇರಬೇಕು ಅಂತಲೂ ಆಗಲೇ ಹೇಳಿತ್ತು. ಸೊಂಟ ಮುರಿಯುವ ಗುಡ್ಡೆಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ನನ್ನ ಕೇಳಿದರೆ, ಇದಕ್ಕಿಂತ ಮೊದಲು ಆಗಬೇಕಾದ್ದು ಕ್ರಾಸಿನ ಬಾಯಲ್ಲಿ. ಅಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು, ತಿರುವನ್ನು ಕಿರಿದು ಮಾಡಬೇಕು. ಒಳಗೆ ಬರುವಾಗಲೇ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಮನೆಗಳಿರುವ ಬೀದಿಗೆ ಬಂದೆ ಅಂತ ಗೊತ್ತಾಗುತ್ತದೆ.

ಈ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಟೇಪ್ ಹಿಡಿದು ಸುತ್ತಲಿನ ಹಂಪುಗಳನ್ನು ಅಳೆಯಲಿದ್ದೇವೆ. ಫೋಟೋ, ಅಳತೆ ಸಮೇತ ವಾರ್ಡ್ ಎಂಜಿನಿಯರಿಗೆ ಅರ್ಜಿ ಕೊಡುತ್ತೇವೆ. ಹತ್ತಿರದವರು ಬನ್ನಿ. ಸುಮ್ನೆ ಬಂದು ಟೇಪಿನ ಇನ್ನೊಂದು ತುದಿ ಹಿಡಿದರೂ ಸಾಕು.