ಮತ್ತು ಕೊಡುವವರ ಕೈಗೂ ಎಕೋ ಪ್ರೋಬ್ ಬರಲಿ

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಯಾರ ಬಾಯಲ್ಲಿ ಕೇಳಿದರೂ ಹಾರ್ಟ್‌ನದೇ ಮಾತು. ಹೃದಯಾಘಾತದಿಂದ ಸತ್ತವರ ಸುದ್ದಿ ಟಿವಿಯಲ್ಲಿ ಒಂದರ ಹಿಂದೆ ಒಂದು ಬಂತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. ಏನೂ ತೊಂದರೆ ಇಲ್ಲದವರೂ "ಒಂದ್ಸಲ ಎಕೋ ಮಾಡ್ಸಿಬಿಡಾಣ" ಅಂತ ಬಸ್ಸು ಹತ್ತಿದರು. ಎಕೋ ಅಂದರೆ ಶಬ್ದದ ಅಲೆ ಬಿಟ್ಟು ಬಡಿಯುವ ಹೃದಯವನ್ನು ಪರದೆ ಮೇಲೆ ನೋಡುವ ಪರೀಕ್ಷೆ; ಅದಕ್ಕೆ ಮೈಗೆ ಒತ್ತಿ ಹಿಡಿಯುವ ಸಾಧನವೇ ಪ್ರೋಬ್. ಸರ್ಕಾರ ಸಮಿತಿ ಮಾಡಿತು. ಸಾವಿನ ಸಂಖ್ಯೆಯಲ್ಲಿ ಅಂಥ ಏರಿಕೆ ಏನೂ ಇಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಆಮೇಲೆ ಎಲ್ಲ ತಣ್ಣಗಾಯಿತು.

ಇಷ್ಟೆಲ್ಲ ಆದರೂ ಆಪರೇಷನ್ ಥಿಯೇಟರ್ ಒಳಗಿನ ಹಾರ್ಟ್ ಬಗ್ಗೆ ಮಾತೇ ಬರಲಿಲ್ಲ. ನನಗೆ ಅದೇ ಸಂಕಟ. ನಾನು ಅನಸ್ತೇಶಿಯಾ ಡಾಕ್ಟರ್, ನಿಮ್ಮ ಭಾಷೆಯಲ್ಲಿ ಮತ್ತು ಕೊಡೋ ಡಾಕ್ಟ್ರು. ಫೋನ್ ಬಂದಾಗ ಬ್ಯಾಗ್ ಹಿಡಿದು ಹಾಸನದ ನರ್ಸಿಂಗ್ ಹೋಮುಗಳಿಗೆ ಹೋಗುತ್ತೇನೆ. ಒಮ್ಮೊಮ್ಮೆ ಸಕಲೇಶಪುರ, ಬೇಲೂರು, ಚಿಕ್ಕಮಗಳೂರು. ಈ ಊರುಗಳಲ್ಲಿ ಆಪರೇಷನ್ ನಡೆಯುವ ಹೊತ್ತಿಗೆ ರೋಗಿಯ ಹೃದಯದ ಜವಾಬ್ದಾರಿ ಹೊತ್ತಿರುವುದು ನನ್ನಂಥವರು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಆ ಹೃದಯವನ್ನು ನೋಡಲು ಯಾರೂ ಸರಿಯಾಗಿ ಕಲಿಸಿಲ್ಲ.

ನಮಗೆ ಕಾಣುವುದು ಮಾನಿಟರ್ ಮೇಲಿನ ನಂಬರ್. ಬಿಪಿ 70/40 ಅಂತ ತೋರಿಸುತ್ತೆ. ಯಾಕೆ ಬಿತ್ತು ಅಂತ ಅದು ಹೇಳುವುದಿಲ್ಲ. ರಕ್ತ ಹೋಗಿ ಹೃದಯ ಖಾಲಿಯಾಗಿದ್ದರೂ 70, ಹೃದಯದ ಸ್ನಾಯು ಸೋತು ತುಂಬಿ ನಿಂತಿದ್ದರೂ 70. ಕಾಲಿನಿಂದ ಗಡ್ಡೆ ಹೋಗಿ ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡರೂ ಅದೇ, ಹೃದಯದ ಸುತ್ತಲ ಚೀಲದಲ್ಲಿ ರಕ್ತ ತುಂಬಿ ಅದನ್ನು ಹಿಂಡುತ್ತಿದ್ದರೂ ಅದೇ. ಮದ್ದು ಮಾತ್ರ ಬೇರೆ ಬೇರೆ. ಖಾಲಿ ಹೃದಯಕ್ಕೆ ಡ್ರಿಪ್ ಜೋರಾಗಿ ಬಿಡಬೇಕು, ರಕ್ತ ಹಾಕಬೇಕು. ಸೋತ ಹೃದಯಕ್ಕೆ ಅದೇ ಡ್ರಿಪ್ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಹಿಂಡಿಕೊಂಡ ಹೃದಯಕ್ಕೆ ಸೂಜಿ ಹಾಕಿಯೋ ಎದೆ ತೆರೆದೋ ರಕ್ತ ತೆಗೆಯಬೇಕು. ಪ್ರೋಬ್ ಇಟ್ಟರೆ ಈ ನಾಲ್ಕರಲ್ಲಿ ಯಾವುದು ಅನ್ನುವುದು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತೆ. ಖಾಲಿ ಹೃದಯದಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆಯ, ಗೋಡೆಗಳು ಪ್ರತಿ ಬಡಿತಕ್ಕೂ ಒಂದಕ್ಕೊಂದು ತಾಗುತ್ತವೆ, ನಡುವೆ ಕಪ್ಪು ಜಾಗವೇ ಉಳಿಯುವುದಿಲ್ಲ. ಗಡ್ಡೆ ಹೋಗಿದ್ದರೆ ಬಲಭಾಗ ಊದಿ ಎಡಭಾಗವನ್ನು ಪಕ್ಕಕ್ಕೆ ತಳ್ಳಿರುತ್ತೆ. ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ಇದೆಲ್ಲ ದೊಡ್ಡ ಊರಿನ ದೊಡ್ಡ ಆಪರೇಷನ್ ಮಾತು ಅಂದುಕೊಳ್ಳಬೇಡಿ. ಮೆಣಸು ಕೊಯ್ಯುವ ಕಾಲದಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದು ಬರುವವರು ಮೂಡಿಗೆರೆ, ಸಕಲೇಶಪುರದ ಯಾವ ಆಸ್ಪತ್ರೆಗೆ ಹೊಸಬರು ಹೇಳಿ? ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಕಡೆಯ ಆಕ್ಸಿಡೆಂಟುಗಳು ಬೇರೆ. ಪಕ್ಕೆಲುಬು ಮುರಿದು ಬಂದವರ ಬಿಪಿ ಬಿದ್ದರೆ ರಕ್ತ ಹೊಟ್ಟೆಯಲ್ಲಿದೆಯೋ, ಎದೆಯಲ್ಲಿದೆಯೋ, ಹೃದಯದ ಸುತ್ತ ಇದೆಯೋ ಅಂತ ಟೇಬಲ್ ಪಕ್ಕದಲ್ಲೇ ಗೊತ್ತಾಗಬೇಕು. ಮೈಸೂರು ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ, ಬೆಂಗಳೂರು ಇನ್ನೂ ದೂರ.

ಇನ್ನು ಬಸುರಿ ಹೆಂಗಸರ ವಿಷಯ. ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರ ಹೃದಯದ ಕವಾಟವನ್ನು ಕಿರಿದು ಮಾಡಿ ಹೋಗಿರುತ್ತೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ಎಂಟನೇ ತಿಂಗಳಲ್ಲಿ ಏದುಸಿರು ಬಂದರೆ "ರಕ್ತ ಕಮ್ಮಿ ಐತೆ" ಅಂತ ಕಬ್ಬಿಣದ ಮಾತ್ರೆ ನುಂಗಿರುತ್ತಾಳೆ. ನಡುರಾತ್ರಿ ಸಿಸೇರಿಯನ್‌ಗೆ ಬರುತ್ತಾಳೆ. ಮಗು ಹೊರಬಂದ ಕೂಡಲೇ ಗರ್ಭಕೋಶ ಕುಗ್ಗಿ ಅಲ್ಲಿದ್ದ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತೆ. ಕಿರಿದಾದ ಕವಾಟ ಅಷ್ಟನ್ನು ದಾಟಿಸಲಾರದು, ಹಿಂದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತೆ. ಮಗು ಅಳುವುದಕ್ಕೂ ತಾಯಿಗೆ ಉಸಿರು ಕಟ್ಟುವುದಕ್ಕೂ ನಡುವೆ ಹೆಚ್ಚು ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಯಾವ ಊರಿನ ಕಾರ್ಡಿಯಾಲಜಿಸ್ಟ್ ಬರುತ್ತಾರೆ? ಆದರೆ ಸ್ಪೈನಲ್, ಅಂದರೆ ಮೈಯ ಕೆಳಭಾಗ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್, ಕೊಡುವ ಮುಂಚೆ ಎದೆಯ ಮೇಲೆ ಪ್ರೋಬ್ ಇಟ್ಟು ನೋಡಿದ್ದರೆ ಪೂರ್ತಿ ಪ್ಲಾನ್ ಬೇರೆ ಆಗುತ್ತಿತ್ತು.

ಆಲೂರು ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಸ್ಟೆತ್ ಇಟ್ಟರೆ ಎದೆಯಲ್ಲಿ ಜೋರು ಮರ್ಮರ್, ಕವಾಟ ಕೆಟ್ಟಿರಬಹುದು ಅನ್ನುವ ಸದ್ದು. ಎಕೋ ಆಗಬೇಕು ಅಂದೆ. ಆ ಆಸ್ಪತ್ರೆಗೆ ಎಕೋ ಮಾಡುವವರು ಬರುವುದು ವಾರದಲ್ಲಿ ಎರಡು ದಿನ, ಅಂದು ಆ ದಿನ ಅಲ್ಲ. ಮಗ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದ: "ಮೇಡಂ, ಸೊಂಟಕ್ಕೆ ಆಪ್ರೇಶನ್ನು. ಹಾರ್ಟ್ ಯಾಕ್ ನೋಡ್ಬೇಕು? ಸುಮ್ನೆ ದುಡ್ ಕೀಳಾಕಾ?" ಕೇಳಿದ್ದರಲ್ಲಿ ತಪ್ಪೇನಿಲ್ಲ. ಸೊಂಟ ಮುರಿದವರಿಗೆ ಎರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಮಲಗಿದಷ್ಟೂ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಹಾಗಂತ ಮಹಾಪಧಮನಿಯ ಕವಾಟ ಕಿರಿದಾಗಿರುವವರಿಗೆ ಎಲ್ಲರಿಗೂ ಕೊಡುವ ಹಾಗೆ ಸ್ಪೈನಲ್ ಕೊಟ್ಟರೆ ರಕ್ತನಾಳ ಸಡಿಲಾಗಿ ಬಿಪಿ ಬೀಳುತ್ತೆ. ಆ ಹೃದಯಕ್ಕೆ ಅದನ್ನು ಎತ್ತಿಕೊಳ್ಳುವ ದಾರಿಯೇ ಇರುವುದಿಲ್ಲ.

ನರ ಮರಗಟ್ಟಿಸಲು ಇಟ್ಟುಕೊಂಡಿದ್ದ ಅಲ್ಟ್ರಾಸೌಂಡ್ ಯಂತ್ರ ಥಿಯೇಟರಿನಲ್ಲೇ ಇತ್ತು. ಹೃದಯ ನೋಡುವ ಪ್ರೋಬ್ ಅದರ ಕೆಳಗಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿತ್ತು. ಯಂತ್ರದ ಜೊತೆ ಬಂದದ್ದು, ಯಾರೂ ಬಿಚ್ಚಿರಲಿಲ್ಲ! ಅಜ್ಜಿಯ ಎದೆಯ ಎಡಕ್ಕೆ ಜೆಲ್ ಹಾಕಿ ಇಟ್ಟೆ. "ತಣ್ಣಗೈತಲ್ಲವ್ವ" ಅಂದರು. ಕವಾಟ ಸುಣ್ಣ ಕಟ್ಟಿ ಬೆಳ್ಳಗೆ ದಪ್ಪಗಿತ್ತು, ಸರಿಯಾಗಿ ತೆರೆಯುತ್ತಿರಲಿಲ್ಲ. ಎಷ್ಟು ಕಿರಿದು ಅಂತ ಅಳೆದು ಹೇಳುವುದು ಕಾರ್ಡಿಯಾಲಜಿಸ್ಟ್ ಕೆಲಸ, ಅದಕ್ಕೆ ನಾನು ಕೈ ಹಾಕಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಕವಾಟ ಕೆಟ್ಟಿದೆಯಾ, ಹೃದಯದ ಬಲ ಹೇಗಿದೆ. ಕ್ಲಿಪ್ಪನ್ನು ಕಾರ್ಡಿಯಾಲಜಿಸ್ಟ್ ಗೆಳೆಯರಿಗೆ ಕಳಿಸಿದೆ, ಅವರು ಫೋನ್ ಮಾಡಿದರು. ಕೈಯ ರಕ್ತನಾಳಕ್ಕೆ ಲೈನ್ ಹಾಕಿ, ಬಿಪಿಯನ್ನು ಬಡಿತ ಬಡಿತಕ್ಕೂ ನೋಡುತ್ತಾ, ಬೇರೆ ರೀತಿಯಲ್ಲಿ ಅನಸ್ತೇಶಿಯಾ ಕೊಟ್ಟೆವು. ಅಜ್ಜಿ ವಾಕರ್ ಹಿಡಿದು ಮನೆಗೆ ಹೋದರು.

ಈಗ ತರಬೇತಿಯ ಮಾತು. ನನ್ನ ಸಿಟ್ಟಿರುವುದು ಇಲ್ಲಿ.

ಎಕೋ ಕಲಿಸುವ ವರ್ಕ್‌ಶಾಪ್‌ಗಳಿಗೆ ಕೊರತೆ ಇಲ್ಲ. ದೊಡ್ಡ ಊರಿನ ಹೋಟೆಲ್ ಹಾಲ್, ಬೆಳಿಗ್ಗೆ ಲೆಕ್ಚರ್, ಮಧ್ಯಾಹ್ನ ಊಟ ಆದ ಮೇಲೆ "ಹ್ಯಾಂಡ್ಸ್ ಆನ್". ಟೇಬಲ್ ಮೇಲೆ ಸಣ್ಣಗಿನ ಹುಡುಗನೊಬ್ಬ ಅಂಗಿ ಬಿಚ್ಚಿ ಎಡ ಮಗ್ಗುಲಿಗೆ ಮಲಗಿರುತ್ತಾನೆ. ಅವನ ಹೃದಯ ಎಲ್ಲಿ ಪ್ರೋಬ್ ಇಟ್ಟರೂ ಕಾಣುತ್ತೆ. ಸುತ್ತ ಹತ್ತು ಜನ, ಒಬ್ಬೊಬ್ಬರಿಗೆ ಐದು ನಿಮಿಷ. ಸಂಜೆಗೆ ಫೋಟೋ, ಸರ್ಟಿಫಿಕೇಟ್. ವಾಪಸ್ ಊರಿಗೆ ಬಂದರೆ ನಮ್ಮ ಟೇಬಲ್ ಮೇಲೆ ಇರುವುದು ನಲವತ್ತು ವರ್ಷ ಬೀಡಿ ಸೇದಿದ ಯಜಮಾನರು. ಶ್ವಾಸಕೋಶ ಊದಿ ಹೃದಯದ ಮುಂದೆ ಬಂದು ಕೂತಿದೆ. ಎದೆಯ ಮೇಲೆ ಎಲ್ಲಿ ಇಟ್ಟರೂ ಪರದೆ ತುಂಬ ಮಂಜು. ಪ್ರೋಬನ್ನು ಎದೆಗೂಡಿನ ಕೆಳಗೆ ಇಟ್ಟು, ಚಪ್ಪಟೆಯಾಗಿ ಒತ್ತಿ, ಮೇಲ್ಮುಖ ಮಾಡಿ ನೋಡಿದರೆ ಅಲ್ಲಿ ಸಿಗುತ್ತೆ. ಇದನ್ನು ಪಕ್ಕದಲ್ಲಿ ನಿಂತವರು ಕೈ ಹಿಡಿದು ತೋರಿಸಬೇಕು. ಗ್ರೌಂಡಿನಲ್ಲಿ ಎಂಟು ಹಾಕಿದವರನ್ನು ಮಳೆಗಾಲದ ರಾತ್ರಿ ಶಿರಾಡಿ ಘಾಟಿಗೆ ಲಾರಿ ಕೊಟ್ಟು ಕಳಿಸಿದ ಹಾಗೆ ನಮ್ಮ ಸರ್ಟಿಫಿಕೇಟ್.

ಹಾಗಾದರೆ ಎಷ್ಟು ಕಲಿಯಬೇಕು? ಐಸಿಯು ಅಲ್ಟ್ರಾಸೌಂಡ್ ತರಬೇತಿ ಬಗ್ಗೆ 2011ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೇಳಿದ ಲೆಕ್ಕ ಇದೆ: ಮೂಲಭೂತ ಮಟ್ಟದ ಎದೆ ಮೇಲಿನ ಎಕೋಗೆ, ಗೊತ್ತಿರುವವರು ಜೊತೆಗಿದ್ದು ಮಾಡಿಸಿದ 30 ಪರೀಕ್ಷೆಗಳು. ಮೂರು ವರ್ಷದ ಎಂಡಿ ಓದುವ ಹುಡುಗರಿಗೆ ಮೂವತ್ತು ಒಂದು ಲೆಕ್ಕವೇ ಅಲ್ಲ. "ಜೊತೆಗಿದ್ದು" ಅನ್ನುವುದೇ ಕಷ್ಟ, ಮಾಡಿಸುವವರು ಯಾರು?

ಟಿಇಇ, ಅಂದರೆ ಅನ್ನನಾಳದೊಳಗೆ ಬೆರಳು ದಪ್ಪದ ಪ್ರೋಬ್ ಇಳಿಸಿ ಹೃದಯವನ್ನು ಹಿಂದಿನಿಂದ ನೋಡುವುದು, ಇನ್ನೊಂದು ಮೆಟ್ಟಿಲು. ಆಪರೇಷನ್ ನಡೆಯುವಾಗ ಎದೆ, ಹೊಟ್ಟೆ ಎಲ್ಲ ಹಸಿರು ಬಟ್ಟೆ ಅಡಿ ಇರುತ್ತೆ. ಸರ್ಜನ್ ಕೈ ಅಲ್ಲೇ ಇರುತ್ತೆ. ಆಗ ಹೃದಯ ನೋಡಲು ಇರುವ ಒಳ್ಳೆಯ ದಾರಿ ಇದೇ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಅನಸ್ತೇಶಿಯಾದವರು ಇದನ್ನು 1980ರ ದಶಕದಿಂದಲೂ ಬಳಸುತ್ತಿದ್ದಾರೆ. ಅಮೆರಿಕದ ಸಂಘಗಳು 1999ರಲ್ಲಿ ಸಮಗ್ರ ಪರೀಕ್ಷೆಗೆ 20 ನೋಟಗಳನ್ನು, ಅಂದರೆ ಹೃದಯವನ್ನು ನೋಡುವ ಕೋನಗಳನ್ನು, ಗೊತ್ತು ಮಾಡಿದವು, 2013ರಲ್ಲಿ ಅದು 28 ಆಯಿತು. ಆದರೆ ಅದೇ 2013ರಲ್ಲಿ ಮೂಲಭೂತ ಮಟ್ಟಕ್ಕೆ 11 ನೋಟ ಸಾಕು ಅಂದವು. ನಮಗೆ ಬೇಕಾದದ್ದು ಈ ಹನ್ನೊಂದು. ಅಲ್ಲಿ ಈ ಮೂಲಭೂತ ಸರ್ಟಿಫಿಕೇಟ್‌ಗೂ 150 ಪರೀಕ್ಷೆಗಳ ಅನುಭವ ಕೇಳುತ್ತಾರೆ, ಅದರಲ್ಲಿ 50 ಸ್ವತಃ ಮಾಡಿರಬೇಕು. ಎರಡು ದಿನದ ಹೋಟೆಲ್ ಹಾಲಿನಲ್ಲಿ ಆಗುವ ಕೆಲಸವಾ ಇದು?

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಜಿಲ್ಲೆಯಲ್ಲಿ ಮೊದಲು ಎದೆ ಮೇಲಿನ ಎಕೋ ಎಲ್ಲ ಅನಸ್ತೇಶಿಯಾದವರಿಗೂ ಬರಲಿ. ಟಿಇಇ ಆಮೇಲೆ, ಅದೂ ದೊಡ್ಡ ಆಪರೇಷನ್ ನಡೆಯುವ ಕಡೆ ಇಬ್ಬರು ಮೂವರಿಗೆ. ಪ್ರೋಬ್ ಲಕ್ಷಗಟ್ಟಲೆ ಬೆಲೆಯದ್ದು. ಇಳಿಸುವ ಮುಂಚೆ ನುಂಗಲು ಕಷ್ಟ ಇದೆಯಾ, ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಊದಿದೆಯಾ, ಹಲ್ಲು ಅಲ್ಲಾಡುತ್ತಿದೆಯಾ ಎಲ್ಲ ಕೇಳಬೇಕು. ತೆಗೆದ ಮೇಲೆ ತೊಳೆದು, ಸೈಡೆಕ್ಸ್ ಎಂಬ ಕ್ರಿಮಿನಾಶಕ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು ಮುಳುಗಿಸಿಡಬೇಕು. ಅದನ್ನು ಮಾಡುವ ಓಟಿ ಟೆಕ್ನಿಷಿಯನ್‌ಗೂ ತರಬೇತಿ ಬೇಕು. ಯಾವ ವರ್ಕ್‌ಶಾಪಿಗೂ ಅವರನ್ನು ಕರೆದದ್ದು ನಾನು ನೋಡಿಲ್ಲ.

"ಎಕೋ ನಮ್ಮ ಕೆಲಸ, ನಿಮಗ್ಯಾಕೆ?" ಅನ್ನುವ ಕಾರ್ಡಿಯಾಲಜಿಸ್ಟ್‌ಗಳೂ ಇದ್ದಾರೆ. ಅವರಿಗೊಂದು ಹಳೆಯ ಕಥೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್‌ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ ಮೊದಲ ಬಾರಿಗೆ ಶಬ್ದದ ಅಲೆಯಿಂದ ಬಡಿಯುವ ಹೃದಯವನ್ನು ದಾಖಲಿಸಿದರು. ಅದಕ್ಕೆ ಬಳಸಿದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರ, ಅದೂ ಬೇರೆಯವರಿಂದ ಸಾಲ ತಂದದ್ದು. ಎಕೋ ಹುಟ್ಟಿದ್ದೇ ಎರವಲು ಯಂತ್ರದಲ್ಲಿ ಸ್ವಾಮಿ, ಅದಕ್ಕೆ ಬೇಲಿ ಯಾಕೆ?

ಆದರೆ ಅವರ ಇನ್ನೊಂದು ಅಳುಕು ನಿಜವಾದದ್ದು: ಅರ್ಧ ಕಲಿತವರು ತಪ್ಪು ಓದುತ್ತಾರೆ. ಹೃದಯದ ಮುಂದಿನ ಕೊಬ್ಬಿನ ಪದರವನ್ನು ನೀರು ಅಂದುಕೊಂಡು ಸೂಜಿ ಹಾಕಲು ಹೊರಟರೆ ಗತಿ ಏನು? ಪರದೆಯಲ್ಲಿ ಮುಳುಗಿ ವೆಂಟಿಲೇಟರ್ ಅಲಾರಂ ಕೇಳಿಸಿಕೊಳ್ಳದಿದ್ದರೆ? ನರ್ಸಿಂಗ್ ಹೋಮಿನಲ್ಲಿ ಅನಸ್ತೇಶಿಯಾಕ್ಕೆ ಇರುವುದು ಒಬ್ಬರೇ. ಎರಡು ಕೈಯಲ್ಲಿ ಏನೇನು ಹಿಡಿಯುವುದು? ಇದಕ್ಕೆ ಉತ್ತರ ಕಲಿಸದೇ ಇರುವುದಲ್ಲ, ಕ್ಲಿಪ್ ಉಳಿಸಿ ಬಲ್ಲವರಿಗೆ ತೋರಿಸುವ ಅಭ್ಯಾಸ. ನಾನು ಬರೆದದ್ದು ಸರಿಯಾ ಅಂತ ವಾರಕ್ಕೊಮ್ಮೆ ಯಾರಾದರೂ ನೋಡಬೇಕು. ತಪ್ಪಿದ್ದರೆ ಬೈಯಬೇಕು.

ಇನ್ನೊಂದು ತೊಡಕನ್ನು ಹೊರಗಿನವರು ಊಹಿಸುವುದೂ ಇಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿ ಆಗಬೇಕು. ಯಂತ್ರ ಎಲ್ಲಿದೆ, ಯಾರು ಬಳಸುತ್ತಾರೆ ಎಲ್ಲ ದಾಖಲೆಯಲ್ಲಿರಬೇಕು. ಕಾಯ್ದೆ ಬೇಕೇ ಬೇಕು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ "ಯಾಕೆ ಮೇಡಂ ತಲೆನೋವು, ನಿಮ್ಮ ಹೆಸರು ಸೇರಿಸೋಕೆ ಮತ್ತೆ ಅರ್ಜಿ ಹಾಕ್ಬೇಕು" ಅಂತ ಯಂತ್ರವನ್ನು ಸ್ಕ್ಯಾನಿಂಗ್ ರೂಮಿನಲ್ಲಿ ಬೀಗ ಹಾಕಿ ಇಡುವ ಆಡಳಿತದವರ ಮೇಲೆ ತಕರಾರಿದೆ. ಅರ್ಜಿ ಹಾಕಿ. ಒಂದು ದಿನದ ಓಡಾಟ.

ಜಿಲ್ಲೆಯ ಮೆಡಿಕಲ್ ಕಾಲೇಜುಗಳು ಮನಸ್ಸು ಮಾಡಿದರೆ ಇದು ಕಷ್ಟವೇನಲ್ಲ. ಪಿಜಿ ಹುಡುಗರನ್ನು ಒಂದು ತಿಂಗಳು ಎಕೋ ರೂಮಿಗೆ ಹಾಕಿ. ಜಯದೇವದಂಥ ಕಡೆ ಹೃದಯದ ಅನಸ್ತೇಶಿಯಾ ಮಾಡುವವರನ್ನು ತಿಂಗಳಿಗೊಮ್ಮೆ ಇಲ್ಲಿಗೆ ಕರೆಸಿ, ನಮ್ಮ ಓಟಿಯಲ್ಲಿ, ನಮ್ಮ ಬೀಡಿ ಸೇದಿದ ಯಜಮಾನರ ಮೇಲೆ ಕಲಿಸಲಿ. ಹೋಟೆಲ್ ಹಾಲಿನ ಬಾಡಿಗೆಯೂ ಉಳಿಯುತ್ತೆ.

ಅಲ್ಲಿಯವರೆಗೆ ನಾವು ನಾಲ್ಕೈದು ಜನ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತು ಆ ವಾರದ ಕ್ಲಿಪ್ ನೋಡಲು ಶುರು ಮಾಡಿದ್ದೇವೆ. ಕಾರ್ಡಿಯಾಲಜಿಸ್ಟ್ ಒಬ್ಬರು ಬರಲು ಒಪ್ಪಿದ್ದಾರೆ. ಹಾಸನ, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಅನಸ್ತೇಶಿಯಾ ಗೆಳೆಯರು ಬರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಕ್ಲಿಪ್ಪಿನಿಂದ ರೋಗಿಯ ಹೆಸರು, ಐಪಿ ನಂಬರ್ ಅಳಿಸಿ ತನ್ನಿ. ಓಟಿ ಟೆಕ್ನಿಷಿಯನ್‌ಗಳೂ ಬರಬಹುದು.